ಲಾರಿ ಹೊಟ್ಟೆಯೊಳಗೆ ಪುಕ್ಕಲನ ಕೈ

ಹೊಸಕೋಟೆ ಹೆದ್ದಾರಿಯ ಬದಿಯಲ್ಲಿ ನನ್ನದೊಂದು ಲಾರಿ ಎಲೆಕ್ಟ್ರಿಕ್ ಅಂಗಡಿ. ನಾನು ಹುಟ್ಟಾ ಪುಕ್ಕಲ. ಆದರೂ ಹೆದರುವಂಥ ಪ್ರಸಂಗಗಳೆಲ್ಲ ವಿಳಾಸ ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತವೆ. ಹಳೇ ಲಾರಿಗಳಲ್ಲಿ ನಾಲ್ಕು ವೈರು, ಎಲ್ಲ ಕಣ್ಣೆದುರಿಗೇ. ಈಗಿನ ಡೀಸೆಲ್ ಎಂಜಿನ್ನಿಗೆ ಒಂದು ಕಂಪ್ಯೂಟರು, ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರುಗಳು, ಕರೆಂಟು ಬಿಡುವ ರಿಲೇಗಳು. ಎಲ್ಲ ಇರುವುದು ಕೈ ಹೋಗುವ, ಕಣ್ಣು ಹೋಗದ ಸಂದಿಗಳಲ್ಲಿ. ನನ್ನ ಪುಕ್ಕಲುತನ ಡ್ರೈವರುಗಳಿಗೆ ಗೊತ್ತಾದರೆ ಅಂಗಡಿಗೆ ಬೀಗವೇ ಗತಿ. ಹಾಗಾಗಿ ಜೋರಾಗಿ ಮಾತಾಡುತ್ತಾ ಕೈ ಹಾಕುತ್ತೇನೆ.

ರಿಲೇ ಪೆಟ್ಟಿಗೆಯ ಪಕ್ಕ

ತರಕಾರಿ ಲಾರಿಯೊಂದು ಸ್ಟಾರ್ಟ್ ಆಗುತ್ತಿರಲಿಲ್ಲ. ರಿಲೇ ಪೆಟ್ಟಿಗೆಗಾಗಿ ಡ್ಯಾಶ್‌ಬೋರ್ಡಿನ ಒಳಗೆ ಕೈ ತೂರಿಸಿದೆ. ತಣ್ಣಗೆ, ನುಣ್ಣಗೆ ಏನೋ ಸಿಕ್ಕಿತು. ಸವರಿದೆ, ಮುಗಿಯಲೇ ಇಲ್ಲ. "ಹಾವು!" ಅಂತ ಕಿರುಚಿ ಹೊರಗೆ ಹಾರಿದೆ. ಪಕ್ಕದ ಪಂಕ್ಚರ್ ಅಂಗಡಿಯವನು ದೊಣ್ಣೆ ಹಿಡಿದು ಬಂದ. ಡ್ರೈವರ್ ಅಡ್ಡ ನಿಂತ.

"ಹೊಡೀಬೇಡ ಗುರು! ಪಡವಲಕಾಯಿ ಅದು, ಮನೇಗೆ ಅಂತ ನಾನೇ ಇಟ್ಟಿದ್ದು."

"ಹಂಗಾದ್ರೆ ತೆಗಿ," ಅಂದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ನೀವು ಹಾವು ಅಂದ್ಬಿಟ್ರಲ್ಲಣ್ಣ, ಈಗ ನಂಗೂ ಭಯ. ನೀವೇ ತೆಗೀರಿ."

ನುಡಿದದ್ದು ಯಾರು?

ರಿಲೇಗೆ ಕರೆಂಟು ಸಿಕ್ಕರೆ ಟಕ್ ಅನ್ನುತ್ತದೆ. ಆ ಸದ್ದು ಹಿಡಿದೇ ಅದು ಎಲ್ಲಿದೆ ಅಂತ ಪತ್ತೆ ಮಾಡುವುದು. ದೊಡ್ಡಬಳ್ಳಾಪುರದ ಕಡೆಯ ಯಜಮಾನರೊಬ್ಬರು ತಮ್ಮ ಲಾರಿಯಲ್ಲಿ ಕೂತು, ನಾನು ಹೇಳಿದ ಹಾಗೆ ಕೀ ತಿರುಗಿಸುತ್ತಾ ಗೊಣಗುತ್ತಿದ್ದರು. ನಾನು ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದೆ.

"ಈ ಗಾಡಿ ಒಂದಿನ ಬೆಂಕಿ ಹತ್ಕೊಂಡೇ ಹತ್ಕೊಳ್ಳುತ್ತೆ ಕಣಪ್ಪ."

ಟಕ್!

ಹಲ್ಲಿ ನುಡಿದರೆ ಆಡಿದ ಮಾತು ನಿಜವಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಯಜಮಾನರು ಡ್ಯಾಶ್‌ಬೋರ್ಡ್ ಕುಟ್ಟಿ, "ಕೃಷ್ಣ ಕೃಷ್ಣ" ಅಂದವರೇ ಕೆಳಗಿಳಿದರು.

"ಹಲ್ಲಿ ಅಲ್ಲ ಯಜಮಾನ್ರೇ, ರಿಲೇ."

"ಯಾರಾದ್ರೇನಪ್ಪಾ, ಹೂಂ ಅಂದ್ಬಿಡ್ತಲ್ಲ!"

ಅದೂ ಸರಿಯೇ ಅನ್ನಿಸಿ ನಾನೂ ಇಳಿದುಬಿಟ್ಟೆ.

ಎತ್ತಿದ ಕ್ಯಾಬಿನ್ನಿನ ಕೆಳಗೆ

ಎಂಜಿನ್ನಿನ ಸುತ್ತು ಎಣಿಸುವ ಸೆನ್ಸರ್ ಹುಡುಕಬೇಕಾದರೆ ಇಡೀ ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿ ಎತ್ತಬೇಕು. ಲಾಕು ಜಾರಿದರೆ ಕೆಳಗಿದ್ದವನು ಚಪಾತಿ. ಅದಕ್ಕೇ ನುಗ್ಗುವ ಮುಂಚೆ, ಲಾಕು ಬಿಟ್ಟು ಕದಲುವುದಿಲ್ಲ ಅಂತ ಡ್ರೈವರ್ ಕೈಲಿ ಮನೆದೇವರ ಆಣೆ ಮಾಡಿಸುತ್ತೇನೆ.

ಪಿಲ್ಲಗುಂಪೆಯ ಫ್ಯಾಕ್ಟರಿಗೆ ಲೋಡು ತಂದಿದ್ದ ಡ್ರೈವರೂ ಆಣೆ ಮಾಡಿ ಕ್ಯಾಬಿನ್ ಎತ್ತಿದ. ಮೇಲೆ ಏನೋ ಉರುಳಿತು, ಹಾಸಿಗೆ ಗಂಟಿರಬೇಕು ಅಂದುಕೊಂಡೆ. ನುಗ್ಗಿದೆ. ಸೆನ್ಸರ್ ಇನ್ನೇನು ಬೆರಳಿಗೆ ತಾಗಬೇಕು, ನೆತ್ತಿಯ ಮೇಲಿಂದಲೇ ಕೂಗು:

"ಅಯ್ಯಯ್ಯೋ! ಬಿದ್ದೋಯ್ತು!"

ಹೇಗೆ ಹೊರಬಂದೆನೋ ಗೊತ್ತಿಲ್ಲ. ಆಣೆ ಮಾಡಿದವನು ನನಗಿಂತ ಮುಂಚೆ ಟೀ ಅಂಗಡಿ ಮುಟ್ಟಿದ್ದ.

ತಿರುಗಿ ನೋಡಿದರೆ ಕ್ಯಾಬಿನ್ ಎತ್ತಿದ ಹಾಗೇ ಇದೆ. ಮುಂದಿನ ಗಾಜಿಗೆ ಒತ್ತಿಕೊಂಡು ಒಂದು ಮುಖ. ಡ್ರೈವರ್ ಹಣೆ ಚಚ್ಚಿಕೊಂಡ.

"ನಮ್ಮ ಬಾಮೈದ! ಸೀಟ್ ಹಿಂದೆ ಮಲ್ಗಿದ್ದ, ಮರ್ತೇಬಿಟ್ಟೆ."

ಬಾಮೈದ ಉರುಳಿ ಗಾಜಿನ ಮೇಲೆ ಬಿದ್ದರೂ ನಿದ್ದೆ ಬಿಟ್ಟಿರಲಿಲ್ಲ. ಈಗ ಕಣ್ಣು ಬಿಟ್ಟರೆ ಮೂಗಿನ ಕೆಳಗೇ ನೆಲ, ಕೂಗಿದ್ದು ಅದಕ್ಕೇ. ಲಾರಿ ಮಗುಚಿದೆ ಅಂದುಕೊಂಡು ಒಳಗಿಂದಲೇ ನನಗೆ ಕೈ ಮುಗಿದ.

"ಅಣ್ಣಾ, ನನ್ ಕತೆ ಇರ್ಲಿ. ಗಾಡಿ ಓಡಿಸ್ತಿದ್ದೋರು ನಮ್ಮ ಭಾವ. ಬದುಕವ್ರಾ ನೋಡಿ!"

ಟೀ ಅಂಗಡಿಯಿಂದ ವಾಪಸ್ ಬಂದ ಡ್ರೈವರ್ ಗಾಜಿಗೆ ಮುಖ ಕೊಟ್ಟು ಹೇಳಿದ:

"ಬದುಕಿದೀನಿ ಕಣೋ. ನಿಮ್ಮಕ್ಕಂಗೆ ನೀನು ಹೇಳ್ದೆ ಇದ್ರೆ ನಾಳೇನೂ ಬದುಕಿರ್ತೀನಿ."