ನಲವತ್ತೊಂದನೇ ರಂಧ್ರದ ದೃಢೀಕರಣ

ತಾಮ್ರ ಶೋಧನಾ ಕಚೇರಿಯ ಹನ್ನೊಂದನೇ ಸುತ್ತೋಲೆಯ ಪ್ರಕಾರ, ತಾಮ್ರ ಇದೆಯೆಂದು ಈಗಾಗಲೇ ರುಜುವಾತಾಗಿರುವ ಜಾಗದಲ್ಲಿ ಮಾತ್ರ ತಾಮ್ರವನ್ನು ಹುಡುಕತಕ್ಕದ್ದು. ತೊಂಬತ್ತು ವರ್ಷಗಳಿಂದ ಗಣಿ ನಡೆದುಬಂದ ಪ್ರದೇಶದಲ್ಲಿ ಕಂಡಕಂಡಲ್ಲಿ ನೆಲ ಕೊರೆದು ಸರ್ಕಾರದ ಡೀಸೆಲ್ ಹಾಳುಮಾಡಬಾರದೆಂಬುದು ಅದರ ಸದುದ್ದೇಶ. ಸುತ್ತೋಲೆ ಬಂದ ಮೇಲೆ ಮೂರು ವರ್ಷ ಕಚೇರಿ ಒಂದು ರಂಧ್ರವನ್ನೂ ಕೊರೆಯಲಿಲ್ಲ. ಶಿಸ್ತಿಗಾಗಿ ಎರಡು ಪ್ರಶಂಸಾಪತ್ರಗಳು ಬಂದವು.

ಕಚೇರಿಯ ಹಿಂದೆ ಅರವತ್ತು ಮೀಟರ್ ಉದ್ದದ ತಗಡಿನ ಶೆಡ್ಡು. ಕೊರೆಯುವ ಯಂತ್ರದ ಕೊಳವೆಯಲ್ಲಿ ಉರುಳೆಯಾಗಿ ಮೇಲೆ ಬರುವ ಕಲ್ಲನ್ನು, ಎಷ್ಟು ಆಳದ್ದೆಂದು ಬರೆದು, ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಡುವುದು ಅಲ್ಲಿಯ ಕೆಲಸ. ಇಪ್ಪತ್ತಾರು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಪೆಟ್ಟಿಗೆ ಮಾಮ ಎಂದೇ ಕರೆಯುತ್ತಿದ್ದರು.

ಮಾಮನಿಗೆ ಇದ್ದದ್ದು ಒಂದೇ ಆಸೆ. ನಲವತ್ತೊಂದನೇ ರಂಧ್ರವನ್ನು ಕೊರೆದವನು ಅವನ ಅಪ್ಪ. ಮುನ್ನೂರು ಮೀಟರಿಗೆ ಮಂಜೂರಾದ ಡೀಸೆಲ್ ಮುಗಿದು ಕೆಲಸ ನಿಂತಾಗ ಕೊನೆಯ ಉರುಳೆಯಲ್ಲೂ ತಾಮ್ರದ ಅದಿರು ಹಳದಿಯಾಗಿ ಮಿನುಗುತ್ತಿತ್ತು. "ಕೆಳಗೆ ಇನ್ನೂ ಇದೆ ಕಣೋ" ಎನ್ನುತ್ತಲೇ ಅಪ್ಪ ಕಣ್ಣುಮುಚ್ಚಿದ್ದ. ಹೊಸದಾಗಿ ಬಂದ ಭೂವಿಜ್ಞಾನಿ ಹುಡುಗಿಯೂ ಭೂತಗನ್ನಡಿ ಹಿಡಿದು ನೋಡಿ ಅದನ್ನೇ ಹೇಳಿದಳು.

"ಇದು ಪೋರ್ಫಿರಿ, ಮಾಮ. ಗೆರೆಗೆರೆಯಾಗಿ ಸಿಗೋ ತಾಮ್ರ ಅಲ್ಲ. ಹಿಟ್ಟಿಗೆ ಉಪ್ಪು ಬೆರೆತ ಹಾಗೆ ಇಡೀ ಬಂಡೆಗೇ ಬೆರೆತಿರುತ್ತೆ. ಇನ್ನೂ ಇನ್ನೂರು ಮೀಟರ್ ಇಳಿದರೆ ಎಷ್ಟಿದೆ ಅಂತ ಗೊತ್ತಾಗುತ್ತೆ."

ಇಬ್ಬರೂ ಅರ್ಜಿ ಹಿಡಿದು ನಿರ್ದೇಶಕರ ಮುಂದೆ ನಿಂತರು.

"ಮುನ್ನೂರು ಮೀಟರಿನವರೆಗೆ ರುಜುವಾತಾಗಿದೆ, ಅಲ್ಲಿ ಕೊರೆದೂ ಆಗಿದೆ" ಎಂದರು ನಿರ್ದೇಶಕರು. "ಅದರ ಕೆಳಗೆ ರುಜುವಾತಾಗಿಲ್ಲ, ಆದ್ದರಿಂದ ಕೊರೆಯೋ ಹಾಗಿಲ್ಲ."

"ಕೊರೆದರೆ ರುಜುವಾತಾಗುತ್ತಲ್ಲ ಸಾರ್?"

"ಆಗಲಿ. ಆದ ಮೇಲೆ ಅರ್ಜಿ ಕೊಡಿ."

ಅಷ್ಟರಲ್ಲಿ ಮೇಲಿನಿಂದ ಪತ್ರ ಬಂತು. ವರ್ಷಾಂತ್ಯದೊಳಗೆ ಒಂದಾದರೂ ಯಶಸ್ವೀ ರಂಧ್ರ ಇಲ್ಲದಿದ್ದರೆ ಕಚೇರಿಗೆ ಬೀಗ. ನಿರ್ದೇಶಕರು ನಕ್ಷೆಗಳನ್ನೆಲ್ಲ ಹರಡಿಕೊಂಡು ನಾಲ್ಕು ದಿನ ತಲೆ ಕೆಡಿಸಿಕೊಂಡರು. ಐದನೇ ದಿನ ಸಭೆ ಕರೆದರು.

"ಈ ಪ್ರದೇಶದಲ್ಲಿ ತಾಮ್ರ ನೂರಕ್ಕೆ ನೂರು ರುಜುವಾತಾಗಿರೋ ಜಾಗ ಒಂದೇ. ನಮ್ಮ ಶೆಡ್ಡು."

ಯಾರೂ ನಗಲಿಲ್ಲ. ಭೂವಿಜ್ಞಾನಿಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಮೇಲಿಂದ ಕೊರೆಯೋದಾ ಸಾರ್, ಅಡ್ಡವಾಗಾ?"

"ಅಡ್ಡವಾಗಿ. ಮೇಲಿಂದ ಹೋದರೆ ಮೂರೇ ಮೀಟರಿಗೆ ಸಿಮೆಂಟು ಸಿಗುತ್ತೆ."

ಸಭೆ ಮುಗಿದ ಮೇಲೆ ಮಾಮನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದರು: "ನಿಮ್ಮಲ್ಲಿ ಎಲ್ಲಕ್ಕಿಂತ ಒಳ್ಳೆ ಪೆಟ್ಟಿಗೆಗಳು ಯಾವುವು?"

"ನಲವತ್ತೊಂದರದ್ದು" ಎಂದ ಮಾಮ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಈ ಸಲ ಫಲಿತಾಂಶ ಚೆನ್ನಾಗಿ ಬಂದರೆ ಸುತ್ತೋಲೆಗೆ ತಿದ್ದುಪಡಿ ತರಿಸ್ತೀನಿ. ಮುಂದಿನ ವರ್ಷ ನಿಮ್ಮ ತಂದೆಯವರ ರಂಧ್ರವನ್ನೇ ಆಳ ಮಾಡೋಣ" ಎಂದರು ನಿರ್ದೇಶಕರು.

"ಅವರ ಮಾತು ನಂಬ್ತೀರಾ?" ಎಂದು ಆ ರಾತ್ರಿ ಮನೆಯಲ್ಲಿ ಮಾಮನ ಹೆಂಡತಿ ಕೇಳಿದಳು.

"ನಂಬದೆ ಇನ್ನೇನು ಮಾಡಲಿ ಹೇಳು."

ನಲವತ್ತೊಂದನೇ ರಂಧ್ರದ್ದು ಒಟ್ಟು ಅರವತ್ತು ಪೆಟ್ಟಿಗೆ, ಒಂದೊಂದೂ ಒಂದು ಮೀಟರ್ ಉದ್ದ, ಒಂದೊಂದರಲ್ಲೂ ಐದು ಸಾಲು ಉರುಳೆ. ಮಾಮ ಬೇರೆ ಯಾರನ್ನೂ ಮುಟ್ಟಗೊಡದೆ ತಾನೇ ಹೊತ್ತು, ಬಾಗಿಲಿನಿಂದ ಹಿಂಗೋಡೆಯವರೆಗೆ ಒಂದೇ ಸಾಲಿಗೆ ದಾರ ಕಟ್ಟಿ ಜೋಡಿಸಿದ. ಯಂತ್ರ ಬಾಗಿಲಲ್ಲಿ ಮಲಗಿ ಕೊರೆಯತೊಡಗಿತು. ಅಪ್ಪನ ಕೈಬರಹದ ಮುಚ್ಚಳಗಳು ಒಂದೊಂದಾಗಿ ಪುಡಿಯಾಗುವಾಗ ಮಾಮ ಮುಂದಿನ ವರ್ಷವನ್ನು ನೆನೆದು ನಿಂತೇ ಇದ್ದ.

ಪ್ರಯೋಗಾಲಯದ ವರದಿ ಅಮೋಘವಾಗಿತ್ತು. ಅರವತ್ತು ಮೀಟರಿನ ಉದ್ದಕ್ಕೂ ತಾಮ್ರ. ನಡುನಡುವೆ ಪುರಾತನ ಅರಣ್ಯದ ಕುರುಹು. ಅಲ್ಲಲ್ಲಿ ಮೊಳೆಯಾಕಾರದ ಕಬ್ಬಿಣ. ಕಚೇರಿ ಪ್ರಕಟಣೆ ಹೊರಡಿಸಿತು: "ನಿಕ್ಷೇಪವು ನೆಲದ ಮೇಲೆಯೇ, ಸೂರಿನಡಿಯಲ್ಲಿ ದೊರೆತಿರುವುದರಿಂದ ತೋಡುವ ವೆಚ್ಚ ಉಳಿಯಲಿದೆ. ಸಾರ್ವಜನಿಕರು ಸಹಕರಿಸತಕ್ಕದ್ದು." ಹೊಸ ಉರುಳೆಗಳನ್ನು ನಿಯಮದಂತೆ ಅದೇ ಶೆಡ್ಡಿನಲ್ಲಿ ಇಟ್ಟದ್ದರಿಂದ ನಿಕ್ಷೇಪ ಒಂದೇ ವಾರದಲ್ಲಿ ಹನ್ನೆರಡು ಪೆಟ್ಟಿಗೆಯಷ್ಟು ಬೆಳೆಯಿತು.

ನಿರ್ದೇಶಕರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮರುವರ್ಷ ತಿದ್ದುಪಡಿ ಬಂತು: ಹಳೆಯ ರಂಧ್ರವನ್ನು ಆಳಗೊಳಿಸಬಹುದು, ಅದರ ಮೂಲ ಉರುಳೆಗಳು ಲಭ್ಯವಿವೆಯೆಂದು ಶೆಡ್ಡಿನ ಮೇಲ್ವಿಚಾರಕರು ದೃಢೀಕರಿಸಿದಲ್ಲಿ.

ಮೇಲ್ವಿಚಾರಕನಾದ ಮಾಮ ದೃಢೀಕರಣದ ನಮೂನೆಯನ್ನು ಎರಡು ಸಲ ಓದಿದ. ಪೆನ್ನು ಕೈಯಲ್ಲೇ ಉಳಿಯಿತು.

"ಇದೆ ಅಂತ ಬರೆದುಬಿಡಬೇಡಿ" ಎಂದರು ನಿರ್ದೇಶಕರು, ಮೆಲ್ಲಗೆ. "ನಾಳೆ ಯಾರಾದರೂ ತೆಗೆಸಿ ನೋಡಿದರೆ ಕಷ್ಟ. ನಮ್ಮದು ಸುಳ್ಳು ಹೇಳೋ ಕಚೇರಿ ಅಲ್ಲ."

ಮಾಮ 'ಲಭ್ಯವಿಲ್ಲ' ಎಂದು ಬರೆದು ಸಹಿ ಮಾಡಿ ಮೊಹರು ಒತ್ತಿದ. ಹೋದ ತಿಂಗಳಷ್ಟೇ ಕಾಯಂ ಆಗಿದ್ದ ಭೂವಿಜ್ಞಾನಿ, ಅವನ ಮುಖ ನೋಡದೆ, ನಕ್ಷೆಯಿಂದ ನಲವತ್ತೊಂದನ್ನು ರಬ್ಬರಿನಿಂದ ಅಳಿಸಿ ಪುಡಿಯನ್ನು ಊದಿದಳು.

ಮಾಮ ಶೆಡ್ಡಿನ ಬೀಗದ ಕೈ ಎತ್ತಿಕೊಂಡ.

"ಈ ವರ್ಷ ಕೊರೆಯೋಕೆ ಯಾವ ರಂಧ್ರದ ಪೆಟ್ಟಿಗೆಗಳನ್ನ ಜೋಡಿಸಲಿ, ಸಾರ್?"