ಎರಡಕ್ಷರದ ಹೊರೆ

ಸೋಮಾರಿತನಕ್ಕೆ ಶಿಕ್ಷೆ ಉಂಟು, ಒಪ್ಪೋಣ. ಆದರೆ ಬರೀ ಎರಡಕ್ಷರದ ಸೋಮಾರಿತನಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಕೋಡಪ್ಪ ಇವತ್ತಿಗೂ ಕೇಳುತ್ತಾನೆ.

ಕೋಡಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊಟದ ತಟ್ಟೆಯ ಮುಂದೆಯೂ ಕೋಡ್ ಬರೆಯುವ ಗಂಡನಿಗೆ ಹೆಂಡತಿ ಇಟ್ಟ ಹೆಸರು. ಅವನು ನಗರದ ನೀರು ಸರಬರಾಜು ಕಚೇರಿಯ ಕೆಲಸದವನು. ಅವನ ಕೋಡ್‌ನಲ್ಲಿ ಇಡೀ ನಗರವನ್ನು ಜೇನುಗೂಡಿನ ಹಾಗೆ ಷಟ್ಕೋನಗಳಾಗಿ ಹಂಚಲಾಗಿತ್ತು. ಒಂದು ಷಟ್ಕೋನದಲ್ಲಿ ಪೈಪು ಒಡೆದರೆ ಅದಕ್ಕೆ ಅಂಟಿಕೊಂಡ ಆರು ಷಟ್ಕೋನಗಳಲ್ಲಿ ಆ ಹೊತ್ತಿಗೆ ಇರುವ ಫೋನುಗಳಿಗೆಲ್ಲ ಮೆಸೇಜು ಹೋಗಬೇಕು. ನಡುವಿನದಕ್ಕೆ ಬೇಡ; ಅಲ್ಲಿಯವರಿಗೆ ಪೈಪು ಒಡೆದದ್ದು ಕಣ್ಣಿಗೇ ಕಾಣುತ್ತದಲ್ಲ!

ಹೋದ ವಾರವಷ್ಟೇ ಅವನ ಲೆಕ್ಕದಲ್ಲಿ ಒಂದು ಸಾಲು ಪಕ್ಕಕ್ಕೆ ಸರಿದು, ಯಾರದೋ ಬೀದಿಯ ಪೈಪು ಒಡೆದದ್ದಕ್ಕೆ ಇನ್ಯಾರೋ ಬಕೆಟ್ಟು ತುಂಬಿಟ್ಟುಕೊಂಡಿದ್ದರು. "ಇನ್ನೊಂದು ಸಲ ಹೀಗಾದ್ರೆ ನಿಮ್ಮ ಕೆಲಸ ಹೋಯ್ತು ಅಂತಲೇ ತಿಳ್ಕೊಳ್ಳಿ" ಎಂದು ಮ್ಯಾನೇಜರು ಎಲ್ಲರೆದುರು ಅಂದಿದ್ದರು.

ಅದಕ್ಕೇ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂತು ತಪ್ಪು ತಿದ್ದಿದ. ಪರೀಕ್ಷೆಗೆಂದು ತನ್ನ ಬೀದಿಯನ್ನೇ ನಡುವಿನ ಷಟ್ಕೋನ ಮಾಡಿಕೊಂಡ. ಸುತ್ತಲಿನ ಆರೂ ಸರಿಯಾಗಿ ಸಿಕ್ಕರೆ 'ನೆರೆಹೊರೆ ಬಂತು' ಎಂದು ತೋರಿಸಬೇಕು. ಆದರೆ 'ಹೊರೆ' ಎಂದು ಬರೆಯುವುದೂ ಒಂದು ಹೊರೆ ಅನ್ನಿಸಿ, 'ನೆರೆ ಬಂತು' ಎಂದಷ್ಟೇ ಬರೆದು ಗುಂಡಿ ಒತ್ತಿದ. ಆರೂ ಸರಿಯಾಗಿ ಬಂದವು. ಬೆನ್ನು ತಟ್ಟಿಕೊಳ್ಳಲು ಕೈ ಎಟುಕದೆ ಮೈಮುರಿದ.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ಹಿಂದಿನ ಬೀದಿಯ ಟೈಲರು, ತಲೆಯ ಮೇಲೆ ಹೊಲಿಗೆ ಮಷೀನು.

"ಸ್ವಲ್ಪ ದಾರಿ ಬಿಡಿ ಸಾರ್, ನಿಮ್ಮ ಮಹಡಿ ಮೇಲೆ ಇಟ್ಬಿಡ್ತೀನಿ."

"ಏನ್ರೀ ಇದು?"

"ಅಯ್ಯೋ, ನಿಮಗೆ ಗೊತ್ತೇ ಇಲ್ವಾ? ನೆರೆ ಬಂತು! ನೀರಿನ ಆಫೀಸಿಂದಲೇ ಮೆಸೇಜು ಬಂದಿದೆ. ಸುತ್ತಲೂ ಎಲ್ಲರಿಗೂ ಬಂದಿದೆ, ನಿಮ್ಮ ಬೀದಿಗೆ ಮಾತ್ರ ಬಂದಿಲ್ಲ. ಪುಣ್ಯವಂತರು ನೀವು!"

ಕೋಡಪ್ಪ ಓಡಿಹೋಗಿ ಲ್ಯಾಪ್‌ಟಾಪ್ ನೋಡಿದ. ಅದು ಪರೀಕ್ಷೆಯ ಸರ್ವರ್ ಅಲ್ಲ, ಅಸಲಿಯದು; ಬರೆದದ್ದು ನಿಜವಾದ ಫೋನುಗಳಿಗೇ ಹೋಗಿತ್ತು.

"ಬಿಸಿಲು ಹೀಗೆ ಹೊಡೀತಿದೆಯಲ್ರೀ" ಎಂದು ತೊದಲಿದ.

"ಬಿಸಿಲಿಗೇನು ಸಾರ್? ಮೇಲ್ಗಡೆ ಎಲ್ಲೋ ಅಣೆಕಟ್ಟಿನ ಗೇಟು ಎತ್ತಿರ್ತಾರೆ."

ನೋಡನೋಡುತ್ತಿದ್ದಂತೆ ಆರು ದಿಕ್ಕಿನಿಂದಲೂ ಜನ ಬಂದರು. ಹಾಸಿಗೆ, ಟಿವಿ, ಗ್ಯಾಸ್ ಸಿಲಿಂಡರು. ಇವನು ಬಿಟ್ಟ ಹೊರೆ ಈಗ ಊರವರ ತಲೆಯ ಮೇಲಿತ್ತು. ಬೀದಿಗೆಲ್ಲ ಮಹಡಿ ಇದ್ದದ್ದು ಇವನ ಮನೆಗೊಂದೇ. ಹೆಂಡತಿ ಸೆರಗು ಸಿಕ್ಕಿಸಿ ನಿಂತು, "ಕಪಾಟು ಆ ಕಡೆ, ಮಕ್ಕಳು ಈ ಕಡೆ" ಎಂದು ಹುಕುಂ ಕೊಡುತ್ತಿದ್ದಳು.

ಕೊನೆಗೆ ಟೈಲರು ತನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದ. ಹಾಸಿಗೆ ಬಿಟ್ಟು ಏಳದೆ ಎಷ್ಟೋ ಕಾಲವಾಗಿದ್ದ ಮುದುಕಿ. ಏದುಸಿರು ಬಿಡುತ್ತಲೇ ಕೋಡಪ್ಪನ ಗಲ್ಲ ಸವರಿ, "ಕೇಳದೆ ಬಾಗಿಲು ತೆಗೆದ್ಯಲ್ಲಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು.

ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮ್ಯಾನೇಜರ ಬೈಗುಳವಾದರೂ ಸಹಿಸಬಹುದು, ಈ ಆಶೀರ್ವಾದ ಸಹಿಸಲಾಗದು. "ಅಜ್ಜೀ, ತಪ್ಪು ನಂದು" ಎನ್ನಲು ಬಾಯಿ ತೆರೆದವನು ಹಾಗೇ ತಿರುಗಿ, ಲ್ಯಾಪ್‌ಟಾಪ್ ಎತ್ತಿಕೊಂಡು ಬಚ್ಚಲುಮನೆ ಹೊಕ್ಕು ಚಿಲಕ ಹಾಕಿಕೊಂಡ. 'ನೆರೆ ಬಂದಿಲ್ಲ. ಗಾಬರಿ ಬೇಡ' ಎಂದು ಬರೆದು ಅದೇ ಆರು ಷಟ್ಕೋನಗಳಿಗೆ ಕಳಿಸಿದ.

ಒಂದು ಫೋನೂ ಕುಂಯ್ ಅನ್ನಲಿಲ್ಲ. ಅನ್ನುವುದಾದರೂ ಹೇಗೆ? ಆ ಆರರಲ್ಲೂ ಈಗ ನರಪಿಳ್ಳೆಯಿಲ್ಲ. ಫೋನುಗಳೆಲ್ಲ ನಡುವಿನದಕ್ಕೆ ಬಂದು ಕೂತಿವೆ, ನಡುವಿನದಕ್ಕೆ ಮೆಸೇಜು ಹೋಗುವುದಿಲ್ಲ.

ಕೋಡಪ್ಪ ಹಣೆ ಚಚ್ಚಿಕೊಂಡು ಯೋಚಿಸಿದ. ಪೂರ್ವದ ಷಟ್ಕೋನವನ್ನು ನಡುವಿನದು ಮಾಡಿದರೆ ತನ್ನ ಬೀದಿಯೇ ಅದರ ನೆರೆ! ಹಾಗೇ ಮಾಡಿದ. ಮನೆ ತುಂಬ ಫೋನುಗಳು ಟಿಣಿಟಿಣಿ ಎಂದವು. ಅವನಿಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದರೆ ಜನ ಗೊಣಗುತ್ತ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗದ್ದಲ. ಮತ್ತೊಂದು ದಂಡು ಓಡೋಡಿ ಬರುತ್ತಿತ್ತು.

ಪೂರ್ವದ ಷಟ್ಕೋನಕ್ಕೂ ನೆರೆ ಆರು. ಒಂದು ಇವನ ಬೀದಿ, ಎರಡು ಆಗಲೇ ಖಾಲಿಯಾದವು. ಉಳಿದ ಮೂರು ಹೊಸವು, ಬೆಳಗಿನಿಂದ ಏನೂ ಕೇಳದೆ ನೆಮ್ಮದಿಯಾಗಿದ್ದವು.

"ನಿಮಗೂ 'ನೆರೆ ಬಂದಿಲ್ಲ' ಅಂತ ತಾನೇ ಬಂದಿದ್ದು?" ಎಂದು ಟೈಲರು ಅವರನ್ನು ಕೇಳಿದ.

"ಹೂಂ ಕಣ್ರೀ! ನಾವು ಕೇಳೇ ಇಲ್ಲ, ಅವರಾಗೇ ಬಂದಿಲ್ಲ ಅಂತಾರೆ, ಗಾಬರಿ ಬೇಡ ಅಂತಾರೆ. ಅಂದ್ಮೇಲೆ ಬಂದೇ ಬಂದಿದೆ."

ಮಾತು ಎಲ್ಲರಿಗೂ ನಾಟಿತು. ಎತ್ತಿದ ಗಂಟುಗಳು ಮತ್ತೆ ನೆಲಕ್ಕಿಳಿದವು.

ಹೊಸ ದಂಡಿನ ನಡುವೆ ಬನಿಯನ್ನಿನಲ್ಲೇ ಓಡಿ ಬಂದವರು ಮ್ಯಾನೇಜರು. ನೆರೆಯಿಂದ ಕಾಪಾಡಲೆಂದು ಮೀನಿನ ತೊಟ್ಟಿಯನ್ನು ಎದೆಗವಚಿಕೊಂಡಿದ್ದರು.

ಇನ್ನು ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ, ಈ ಮುದುಕಿಯ ಮುಖ ನೋಡುವಂತಾದರೂ ಇರಬೇಕಲ್ಲ! ಕೋಡಪ್ಪ ತಲೆ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಸಾರ್, ಬಂತು ಅಂತ ಕಳಿಸಿದವನೂ ನಾನೇ, ಬಂದಿಲ್ಲ ಅಂತ ಕಳಿಸಿದವನೂ ನಾನೇ. ನೀರೂ ಇಲ್ಲ, ಗೀರೂ ಇಲ್ಲ. ಎಲ್ಲ ನನ್ನ ತಪ್ಪು. ನಾಳೆಯಿಂದ ಕೆಲಸಕ್ಕೆ ಬರಲ್ಲ."

ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಮ್ಯಾನೇಜರು ತೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟರು. ಅವನ ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದೊಯ್ದು, ತಗ್ಗಿದ ದನಿಯಲ್ಲಿ ಅಂದರು:

"ಜನ ಹೆದರ್ಬಾರ್ದು ಅಂತ ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕೊಂಡ್ರಿ. ಭೇಷ್. ನನ್ನ ಹತ್ರ ಮಾತ್ರ ನಿಜ ಹೇಳಿ. ಎಷ್ಟು ಅಡಿ ಬಂದಿದೆ?"