ಮೇಷ್ಟ್ರ ಬೋಳುತಲೆಗೆ ಗುರಿಯಿಟ್ಟ ಪೈಪು

ಆ ಭಾನುವಾರ ಬೆಳಿಗ್ಗೆ ಕೆಳಮನೆಯ ಹೆಡ್‌ಮೇಷ್ಟ್ರ ಬೋಳುತಲೆಯ ನಟ್ಟನಡುವೆ ಒಂದು ಹನಿ ನೀರು ಬಿತ್ತು. ರಗಳೆ ಶುರುವಾದದ್ದು ಅಲ್ಲಿಂದ.

"ಟೀಸೀ! ಇಳೀರಿ ಕೆಳಗೆ! ನಿಮ್ಮ ಕಕ್ಕಸಿನ ನೀರು ನನ್ನ ತಲೆ ಮೇಲೆ!"

ಟೀಸಿ ಎಂದರೆ ನಡುಮಹಡಿಯಲ್ಲಿದ್ದ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಮಹಾನುಭಾವರು. ಸೀಟಿನ ಅಡಿ, ಬಾಗಿಲ ಹಿಂದೆ ಎಂದು ಟಿಕೆಟ್ ಇಲ್ಲದವರನ್ನು ಹುಡುಕಿ ಹುಡುಕಿ ಅನುಮಾನ ಅವರ ಮೈಗೇ ಹತ್ತಿಬಿಟ್ಟಿತ್ತು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವರು. ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುವರು.

ಅವರ ಕಕ್ಕಸಿನ ಫ್ಲಶ್ ಟ್ಯಾಂಕು ತುಂಬಿ ಉಕ್ಕಿದರೆ, ಹೆಚ್ಚಾದ ನೀರು ಹೋಗಲೆಂದು ಗೋಡೆಯಿಂದಾಚೆ ಒಂದು ಪೈಪು ಮೂತಿ ಚಾಚಿತ್ತು. ಮನೆ ಕಟ್ಟಿದ ಪುಣ್ಯಾತ್ಮ ಅದನ್ನು ಚರಂಡಿಯ ಕಡೆ ತಿರುಗಿಸುವುದು ಬಿಟ್ಟು ನೇರವಾಗಿ ಮೇಷ್ಟ್ರ ಹಿತ್ತಲ ಬಾಗಿಲಿಗೆ ಗುರಿಯಿಟ್ಟಿದ್ದ.

"ಅಷ್ಟು ದೊಡ್ಡ ಹಿತ್ತಲಲ್ಲಿ ಸರಿಯಾಗಿ ಪೈಪಿನ ಕೆಳಗೇ ಬಂದು ನಿಲ್ತಾರಲ್ಲ, ಯಾಕೆ?" ಟೀಸಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. "ನಮ್ಮನ್ನ ಎಬ್ಬಿಸಿ ಇಲ್ಲಿ ತಮ್ಮ ಅಳಿಯನ್ನ ಕೂರಿಸೋ ಹುನ್ನಾರ ಕಣೇ ಇದು."

"ಅವರ ಬಾಗಿಲಿರೋದೇ ಅಲ್ಲಿ. ಕಿಟಕಿಯಿಂದ ಹಾರಿ ಬರ್ತಾರಾ? ಮೊದಲು ಹೋಗಿ ಅದನ್ನ ಸರಿ ಮಾಡಿ," ಎಂದರು ಹೆಂಡತಿ.

ಪ್ಲಂಬರನನ್ನು ಕರೆಯೋಣವೆಂದರೆ ಅವನ ಮೇಲೂ ಅನುಮಾನ. ಒಂದು ತೂತು ಮುಚ್ಚಿ ಎರಡು ಕೊರೆದಿಟ್ಟು ಹೋದರೆ? ಟೀಸಿ ತಾವೇ ನೀರಿನ ದಿಕ್ಕು ತಿರುಗಿಸುವ ಒಂದು ಬೆಂಡು, ಒಂದು ತುಂಡು ಪೈಪು ತಂದರು. ಎಲ್ಲಿಂದಲೋ ಏಣಿ ಹೊತ್ತು ಮೇಷ್ಟ್ರ ಹಿತ್ತಲಿಗೆ ಬಂದರೆ, ತೊಟ್ಟಿಕ್ಕುವುದೇ ನಿಂತಿತ್ತು.

"ನೋಡಿದ್ರಾ? ನಾನು ಬರ್ತಿದ್ದ ಹಾಗೇ ನಿಲ್ತು. ಪೈಪೂ ಅವರ ಕಡೆಯೇ!" ಎಂದು ಗೊಣಗುತ್ತ ಏಣಿ ಹತ್ತಿದರು.

ಊರ ಉಸಾಬರಿಯೆಲ್ಲ ತಮ್ಮದೇ ಎಂದುಕೊಂಡಿದ್ದ ಎದುರುಮನೆಯ ದವಾಖಾನೆ ಕಂಪೌಂಡರು ಓಡಿಬಂದು ಏಣಿ ಹಿಡಿದರು. ಹಿಡಿದದ್ದು ಆಸರೆಗೋ, ಸಮಯ ನೋಡಿ ಬಿಡಲಿಕ್ಕೋ ಎಂದು ಟೀಸಿ ಮೆಟ್ಟಿಲಿಗೊಮ್ಮೆ ಬಗ್ಗಿ ನೋಡಿದರು. ಬೆಂಡು ಸಿಕ್ಕಿಸಿ ಇನ್ನೇನು ತಿರುಗಿಸಬೇಕು, ಪೈಪು ಶೀತವಾದ ಆನೆಯ ಹಾಗೆ ಸೀನಿ ಧಾರಾಕಾರ ನೀರು ಕಕ್ಕಿತು. ಎಡಕ್ಕೆ ತಿರುಗಿಸಿದರೆ ಮೇಷ್ಟ್ರ ಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆ; ಗಾಬರಿಯಲ್ಲಿ ಬಲಕ್ಕೆ ತಿರುಗಿಸಿದರೆ ಅಡುಗೆಮನೆ ಕಿಟಕಿಯೊಳಕ್ಕೆ!

"ಅಯ್ಯಯ್ಯೋ, ಕಕ್ಕಸಿನ ನೀರು!" ಎಂದು ಮೇಷ್ಟ್ರ ಹೆಂಡತಿ ಸೌಟು ಹಿಡಿದೇ ಹೊರಗೆ ಓಡಿಬಂದರು. ಕ್ಷಣದಲ್ಲಿ ಕಾಂಪೌಂಡು ಗೋಡೆಯ ಉದ್ದಕ್ಕೂ ತಲೆಗಳು ಮೊಳೆತವು.

"ಬೇಕಂತಲೇ ಮಾಡಿದ್ದು ಇದು! ಮನೆ ಮಾಲೀಕರಿಗೆ ಹೇಳಿ ಸಂಜೆಯೊಳಗೆ ಖಾಲಿ ಮಾಡಿಸದಿದ್ರೆ ನಾನು ಮೇಷ್ಟ್ರೇ ಅಲ್ಲ!"

"ಸ್ವಾಮೀ, ಇದು ಕಕ್ಕಸಿನ ನೀರಲ್ಲ! ಕಕ್ಕಸಿಗೆ ಹೋಗೋಕೆ ಮುಂಚಿನ ನೀರು!" ಏಣಿಯಿಂದ ಇಳಿಯುತ್ತ ಟೀಸಿ ಕೂಗಿಕೊಂಡರು. "ನಲ್ಲಿಯಿಂದ ಟ್ಯಾಂಕಿಗೆ, ಟ್ಯಾಂಕಿಂದ ಪೈಪಿಗೆ. ನೀವು ಕುಡಿಯೋದೂ ಇದೇ ನೀರು!"

"ಹೌದಾ?" ಕಂಪೌಂಡರು ತಣ್ಣಗೆ ಕೇಳಿದರು. "ಹಾಗಾದ್ರೆ ಕುಡಿದು ತೋರಿಸಿ."

‘ಮಾತು ಬೇಡ, ಟಿಕೆಟ್ ತೋರಿಸಿ’ ಎಂದು ಊರವರನ್ನೆಲ್ಲ ಗದರಿಸಿದ್ದ ಮನುಷ್ಯನನ್ನು ಇವತ್ತು ಊರೇ ಟಿಕೆಟ್ ಕೇಳುತ್ತಿತ್ತು. ಮೇಷ್ಟ್ರ ಹೆಂಡತಿ ಒಳಗಿನಿಂದ ಒಂದು ಲೋಟ ತಂದೇಬಿಟ್ಟರು. ಟೀಸಿ ಅದನ್ನು ಧಾರೆಗೆ ಒಡ್ಡಿ, ಕಣ್ಣುಮುಚ್ಚಿ ಗಟಗಟ ಕುಡಿದು, ಬೋರಲು ಹಾಕಿ ತೋರಿಸಿದರು. ಸ್ವಲ್ಪ ಒಗರು ಅನ್ನಿಸಿತು. ಹೊಸ ಬೆಂಡಿನ ರುಚಿ ಇರಬೇಕು ಎಂದುಕೊಂಡರು.

ಗೋಡೆಯ ಮೇಲಿನ ತಲೆಗಳಿಗೆ ಕೈಗಳೂ ಬಂದು ಚಪ್ಪಾಳೆ ತಟ್ಟಿದವು. ಮೇಷ್ಟ್ರು ಬಂದು ಗಟ್ಟಿಯಾಗಿ ತಬ್ಬಿಕೊಂಡರು. "ನಿಮ್ಮಂಥವರನ್ನ ಅನುಮಾನಿಸಿದೆನಲ್ಲ! ಇಲ್ಲೇ ಇರಿ ಸಾರ್, ಎಲ್ಲೂ ಹೋಗಬೇಡಿ. ಹನಿ ಬಿದ್ರೆ ಬೀಳ್ಲಿ, ಶುದ್ಧ ನೀರು ತಾನೇ!" ಜನ ಇಷ್ಟು ಒಳ್ಳೆಯವರೆಂದು ಟೀಸಿಗೆ ಅನುಮಾನವೇ ಬಂದಿರಲಿಲ್ಲ.

ಆಗ ನಡುಮಹಡಿಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡಿತು. "ರೀ, ಕೆಲಸ ಮುಗೀತಾ? ಟ್ಯಾಂಕಿನ ನಲ್ಲಿ ಬಿಡ್ಲಾ?"

"ಬಿಡ್ಲಾ ಅಂದ್ರೆ?"

"ನೀವು ಏಣಿ ತರೋಕೆ ಹೋದಾಗಲೇ ನಲ್ಲಿ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿದ್ದೆನಲ್ಲ. ಅದರಲ್ಲಿ ತೊಟ್ಟು ನೀರಿಲ್ಲ."

ಪೈಪಿನಿಂದ ನೀರು ಸುರಿಯುತ್ತಲೇ ಇತ್ತು. ಎಲ್ಲರ ಕಣ್ಣುಗಳೂ ಪೈಪಿನಿಂದ ಗೋಡೆಗೆ, ಗೋಡೆಯಿಂದ ಮೇಲಕ್ಕೆ ಹತ್ತಿದವು. ಮೇಲ್ಮಹಡಿಯ ಕಿಟಕಿ ದಡಾರನೆ ತೆರೆಯಿತು. ಅಲ್ಲಿದ್ದ ಟೈಪಿಸ್ಟಮ್ಮ ಒದ್ದೆ ಕೈ ಆಡಿಸುತ್ತ ಕೂಗಿದರು.

"ಯಾರ್ರೀ ಪೈಪಿಗೆ ಕೈ ಹಾಕಿದ್ದು? ನಮ್ಮ ಬಚ್ಚಲ ನೀರೂ ಆ ಪೈಪಲ್ಲೇ ಇಳೀಬೇಕು! ನಾಯಿಗೆ ಸ್ನಾನ ಮಾಡಿಸ್ತಿದೀನಿ, ಇಲ್ಲಿ ನೀರೆಲ್ಲ ಕಟ್ಟಿ ನಿಂತಿದೆ!"

ಮೇಷ್ಟ್ರ ಅಪ್ಪುಗೆ ಮೆಲ್ಲಗೆ ಸಡಿಲವಾಯಿತು. ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಅವರು ಹಿಂದಕ್ಕೆ ಸರಿದರು.

ಟೀಸಿ ಕೊನೆಯ ಆಸೆಯಿಂದ ಮೇಲೆ ನೋಡಿದರು. "ಅಮ್ಮಾ... ಸಾಕಿದ ನಾಯಿ ತಾನೇ? ಇಂಜೆಕ್ಷನ್ನು ಗಿಂಜೆಕ್ಷನ್ನು ಹಾಕಿಸಿದೀರಾ?"

"ಎಲ್ಲಿ ಸಾಕಿದ್ದು ಬಂತು! ಈಗ ಬೀದೀಲಿ ಸಿಕ್ತು, ಪಾಪ, ಮೈಯೆಲ್ಲ ಕಜ್ಜಿ. ಬರೀ ನೀರು ಹುಯ್ದು ನೆನೆಸ್ತಿದೀನಿ, ಸೋಪು ಇನ್ನೂ ಹಚ್ಚೇ ಇಲ್ಲ."

ಕಂಪೌಂಡರು ಟೀಸಿಯ ಕೈಯಿಂದ ಲೋಟವನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ರಟ್ಟೆ ಹಿಡಿದು ಬೀದಿಯ ಕಡೆ ನಡೆಸಿದರು. "ಬನ್ನಿ ಸಾರ್, ದವಾಖಾನೆ ಬಾಗಿಲು ತೆಗೀತೀನಿ. ಏನೂ ಹೆದರಬೇಡಿ. ಸೂಜಿ ತೀರಾ ಸಣ್ಣದು."

ಟೀಸಿ ಆ ಮಾತನ್ನು ನಂಬಲಿಲ್ಲ. ಅವರ ಜನ್ಮದಲ್ಲಿ ನೂರಕ್ಕೆ ನೂರು ನಿಜವಾದ ಅನುಮಾನ ಅದೊಂದೇ.